ದಿನ ತುಂಬದ ಹುಟ್ಟಿದ ಮಕ್ಕಳ ಯೋಚನಿ, ಪ್ಲ್ಯಾನಿಂಗು: ತಾಯಿ-ತಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಧಾರವಾಡದಾಗ ಕಲಿಕಿಯೊಳಗ ತ್ರಾಸ್ ಪಡೋ ಮಕ್ಕಳನ್ನ ಕೂಡ್ರಿಸಿಕೊಂಡು ಕಲಸೋಕಿ, ಡಾಕ್ಟರ್ ಅಲ್ಲ. ನನ್ನ ಕಡೆ ಬರೋರೊಳಗ ದಿನ ತುಂಬೋ ಮೊದಲ ಹುಟ್ಟಿದ ಮಕ್ಕಳು ಭಾಳ ಅದಾರ. ಹುಬ್ಬಳ್ಳಿಯಿಂದ ಬರ್ಲಿ, ಗದಗಿಂದ ಬರ್ಲಿ, ಹಾವೇರಿ ಕಡೆ ಹಳ್ಳಿಯಿಂದ ಬರ್ಲಿ, ಮನ್ಯಾವ್ರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಅವ ಇರತಾವ. ಅವನ್ನೆಲ್ಲಾ ಒಂದ ಕಡೆ ಬರದಿಟ್ಟೇನಿ, ನಿಮಗ ಬೇಕಾದ ಪ್ರಶ್ನೆ ಹುಡುಕಿ ಓದ್ರಿ.

ದಿನ ತುಂಬದ ಹುಟ್ಟೋದು ಅಂದ್ರ ಎಷ್ಟು ವಾರ?

37 ವಾರ ತುಂಬೋದ್ರೊಳಗ ಹುಟ್ಟಿದ್ರ ಪ್ರೀಟರ್ಮ್ ಅಂತಾರ. ಅದರೊಳಗೂ ಪಾಲು ಮಾಡ್ಯಾರ. 32ರಿಂದ 37 ವಾರದ ನಡುವ ಹುಟ್ಟಿದ್ದು ಒಂದು ಗುಂಪು, 28ರಿಂದ 32ರೊಳಗಿಂದು ಇನ್ನೊಂದು, 28ಕ್ಕಿಂತ ಮೊದಲಿಂದು ಎಲ್ಲಾಕಿಂತ ಸೂಕ್ಷ್ಮ. ನಮ್ಮ ಕಡೆ "ಏಳು ತಿಂಗಳಿಗೆ ಹುಟ್ಟಿದ್ದು" ಅಂತ ತಿಂಗಳ ಲೆಕ್ಕದಾಗ ಹೇಳೋ ರೂಢಿ, ಆದ್ರ ಏಳು ತಿಂಗಳಂದ್ರ ಒಬ್ರಿಗೆ 28 ವಾರ ಇನ್ನೊಬ್ರಿಗೆ 31 ವಾರ ಆಗಿರತೈತಿ. ಈ ಎರಡರ ನಡುವ ಫರಕ್ ಸಣ್ಣದಲ್ಲ. ಅದಕ್ಕ ದವಾಖಾನಿ ಡಿಸ್ಚಾರ್ಜ್ ಕಾರ್ಡ್ ತಗದು ಎಷ್ಟು ವಾರ, ಎಷ್ಟು ಗ್ರಾಮ್ ಅಂತ ನೋಡಿ ಬರದಿಟ್ಕೊಳ್ರಿ. ಆ ಕಾರ್ಡ್ ಮಗು ದೊಡ್ಡಾಂವ ಆದ್ರೂ ಒಗಿಬ್ಯಾಡ್ರಿ, ಎಂಟನೇ ವರ್ಷದಾಗೂ ಅದನ್ನ ಕೇಳತಾರ.

ಈ ಪ್ಲ್ಯಾನಿಂಗು, ಯೋಚನಿ ಕೌಶಲ ಅಂದ್ರ ಏನ್ರಿ? ಬುದ್ಧಿವಂತಿಕಿ ಅಂದ್ರೂ ಇದಾ?

ಅಲ್ರಿ, ಎರಡೂ ಬ್ಯಾರೆ. ಭಾಳ ಮಂದಿ ಇಲ್ಲೇ ಎಡವತಾರ, ಅದಕ್ಕ ಸ್ವಲ್ಪ ಬಿಡಿಸಿ ಹೇಳತೇನಿ. ಮದುವಿ ಮನಿಯೊಳಗ ಅಕ್ಕಿ ಬ್ಯಾಳಿ ಬಂದಿರತೈತಿ, ಅಡಗಿಯವ್ರು ಬಂದಿರತಾರ, ಪೆಂಡಾಲ್ ಹಾಕೋರೂ ಬಂದಿರತಾರ, ಆದ್ರ ಮೊದಲ ಯಾವ್ದು, ಆಮ್ಯಾಲೆ ಯಾವ್ದು, ಯಾರು ಎಲ್ಲಿ ಹೋಗಬೇಕು, ಮಳಿ ಬಂದ್ರ ಏನ್ ಮಾಡಬೇಕು ಅಂತ ನೋಡ್ಕೊಳ್ಳೋ ಹಿರಿಯಾ ಒಬ್ಬಾಂವ ಇರ್ಲಿಲ್ಲಂದ್ರ ಎಲ್ಲಾ ಇದ್ದೂ ಊಟದ ಪಂಕ್ತಿ ಏಳಂಗಿಲ್ಲ. ತಲಿಯೊಳಗ ಆ ಹಿರಿಯಾನ ಕೆಲಸ ಮಾಡೋ ಶಕ್ತಿಗೆ ಎಕ್ಸಿಕ್ಯೂಟಿವ್ ಫಂಕ್ಷನ್ ಅಂತಾರ.

ಇದರೊಳಗ ಮೂರು ಮುಖ್ಯ. ಒಂದು, ತಡಕೊಳ್ಳೋದು: ಬಾಯಿಗೆ ಬಂದ ಉತ್ತರ ನುಂಗಿ ಪ್ರಶ್ನೆ ಪೂರ್ತಿ ಕೇಳೋದು, ನಡುವ ಟಿವಿ ಕಡೆ ಹೋಗೋ ಕಣ್ಣನ್ನ ಎಳಕೊಂಡು ಬರೋದು. ಎರಡನೇದು ವರ್ಕಿಂಗ್ ಮೆಮರಿ, ಅಂದ್ರ ಕೆಲಸ ಮುಗಿಯೋ ತನಕ ವಿಷಯ ತಲಿಯೊಳಗ ಹಿಡಕೊಂಡು ಅದರ ಮ್ಯಾಲೆ ಕೆಲಸ ಮಾಡೋದು. ಮೂರನೇದು ದಾರಿ ಬದಲಿಸೋದು, ಒಂದು ಹಂಗ ಆಗಲಿಲ್ಲಂದ್ರ ಹಿಂಗ ಮಾಡೋಣ ಅಂತ ಹೊಳ್ಳೋದು. ಈ ಮೂರೂ ಕೂಡಿದಾಗ ಪ್ಲ್ಯಾನ್ ಮಾಡೋದು, ಶುರು ಮಾಡೋದು, ಮುಗಸೋದು ಬರತೈತಿ. ಐಕ್ಯೂ ಚೊಲೋ ಇದ್ದು ಇದು ಹಿಂದ ಇರಬಹುದು. ಕತಿ ಹೇಳಂದ್ರ ಸರಸರ ಹೇಳೋ ಹುಡುಗಿಗೆ ಪಾಟಿಚೀಲ ಹೊಂದಿಸ್ಕೊಳ್ಳಾಕ ಬರದ ಇರಬಹುದು.

ಬೇಗ ಹುಟ್ಟಿದ್ದಕ್ಕೂ ಇದಕ್ಕೂ ಏನ್ ಸಂಬಂಧ?

ಹೊಟ್ಟಿಯೊಳಗಿನ ಕಡೇ ಮೂರು ತಿಂಗಳದಾಗ ಮಿದುಳಿನ ಕೆಲಸ ಜೋರು ನಡದಿರತೈತಿ. ಮೊದಲ ನುಣ್ಣಗಿದ್ದ ಮಿದುಳಿನ ಮೇಲ್ಪದರ ಆವಾಗ ಮಡಿಚಿ ಮಡಿಚಿ ಬೆಳಿತೈತಿ. ಸುಮಾರು 34-35 ವಾರದ ಕೂಸಿನ ಮಿದುಳಿನ ತೂಕ, ದಿನ ತುಂಬಿದ ಕೂಸಿನ ಮಿದುಳಿನ ಮೂರರಾಗ ಎರಡು ಪಾಲಿನಷ್ಟ ಇರತೈತಿ, ಅಂದ್ರ ಕಡೇ ಐದಾರು ವಾರದಾಗ ಎಷ್ಟು ಬೆಳಿಯೋದೈತಿ ನೀವ ಲೆಕ್ಕಾ ಹಾಕ್ರಿ.

ಇನ್ನೊಂದು ಮುಖ್ಯ ವಿಷಯ ವೈಟ್ ಮ್ಯಾಟರ್. ಮಿದುಳಿನ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ಸುದ್ದಿ ಮುಟ್ಟಸೋ ನರದ ಎಳೆಗಳು ಇವು, ಇವಕ್ಕ ಮಯಲಿನ್ ಅನ್ನೋ ಕೊಬ್ಬಿನ ಹೊದಿಕಿ ಹಾಕೋ ಜೀವಕೋಶಗಳು ಸುಮಾರು 24ರಿಂದ 32 ವಾರದ ಹೊತ್ತಿಗೆ ಇನ್ನೂ ಎಳೇವು ಇರತಾವ, ಆಕ್ಸಿಜನ್ ಏರುಪೇರಾದ್ರ, ಸೋಂಕಾದ್ರ ತಡಕೊಳ್ಳೋ ಶಕ್ತಿ ಅವಕ್ಕ ಕಡಿಮಿ. ಪ್ಲ್ಯಾನಿಂಗ್ ಅನ್ನೋದು ಹಣಿ ಹಿಂದಿನ ಪ್ರಿಫ್ರಂಟಲ್ ಭಾಗ ಒಂದ ಮಾಡೋ ಕೆಲಸ ಅಲ್ಲ, ಅದು ಬ್ಯಾರೆ ಭಾಗದ ಜೋಡಿ ಮಾತಾಡ್ಕೊಂತ ಮಾಡೋ ಕೆಲಸ. ಸುದ್ದಿ ಹೋಗೋದು ಬರೋದು ನಿಧಾನ ಆದ್ರ ಮೊದಲ ಏಟು ಬೀಳೋದು ಇಂಥಾ ಕೆಲಸಕ್ಕ. ನಡಿಯೋದು, ಮಾತಾಡೋದು ಚೊಲೋ ಬಂದು ಇದೊಂದು ಹಿಂದುಳಿಯೋದು ಇದಕ್ಕ.

ಎಲ್ಲಾ ಮಕ್ಕಳಿಗೂ ಹಿಂಗ ಆಗತೈತೇನು? ನಮ್ದು 35 ವಾರದ ಕೂಸು.

ಇಲ್ಲ, ಎಲ್ಲಾರಿಗೂ ಆಗಂಗಿಲ್ಲ. 2009ರಾಗ ಬ್ಯಾರೆ ಬ್ಯಾರೆ ದೇಶದ ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ, 33 ವಾರದೊಳಗ ಅಥವಾ 1500 ಗ್ರಾಮಿನೊಳಗ ಹುಟ್ಟಿದ ಮಕ್ಕಳು ಈ ಕೌಶಲಗಳೊಳಗ ಸರಾಸರಿ ಸ್ವಲ್ಪ ಹಿಂದಿದ್ರು. 100 ಸರಾಸರಿ ಇರೋ ಐಕ್ಯೂ ಥರದ ಅಳತಿಯೊಳಗ ಹೇಳಬೇಕಂದ್ರ ಸುಮಾರು 5ರಿಂದ 9 ಅಂಕದಷ್ಟು. ಇದು ಸರಾಸರಿ ಅನ್ನೋದು ಮರಿಬ್ಯಾಡ್ರಿ. 27 ವಾರಕ್ಕ ಹುಟ್ಟಿ ಕ್ಲಾಸಿನ ಮುಂದಿನ ಸಾಲಿನಾಗ ಇರೋರೂ ಅದಾರ, ದಿನ ತುಂಬಿ ಹುಟ್ಟಿ ಇದರೊಳಗ ತ್ರಾಸ್ ಪಡೋರೂ ಅದಾರ. ಬೇಗ ಹುಟ್ಟಿದಷ್ಟು ಸಾಧ್ಯತಾ ಜಾಸ್ತಿ, ಮಿದುಳಿನಾಗ ರಕ್ತಸ್ರಾವ ಆಗಿದ್ರ, ಭಾಳ ದಿನ ವೆಂಟಿಲೇಟರ್ ಮ್ಯಾಲೆ ಇದ್ರ ಇನ್ನೂ ಜಾಸ್ತಿ. 35 ವಾರದ ಕೂಸಿಗೆ ಸಾಧ್ಯತಾ ಭಾಳ ಕಡಿಮಿ, ಆದ್ರ ಸೊನ್ನಿ ಅಲ್ಲ. ಹೆದರೋದು ಬ್ಯಾಡ, ಸಾಲಿ ಶುರು ಆದಮ್ಯಾಗ ಒಂದು ಕಣ್ಣಿಟ್ಟಿರ್ರಿ ಅಷ್ಟ.

ತಲಿ ಸ್ಕ್ಯಾನ್ ನಾರ್ಮಲ್ ಇತ್ತು, ಎರಡು ವರ್ಷದ ತನಕ ಡಾಕ್ಟರೂ ಎಲ್ಲಾ ಚೊಲೋ ಐತಿ ಅಂದಿದ್ರು. ಈಗ ಮೂರನೇ ಕ್ಲಾಸಿನಾಗ ಯಾಕ ಹಿಂಗ?

ಡಾಕ್ಟರ್ ಸುಳ್ಳು ಹೇಳಿಲ್ಲ. ನೆತ್ತಿ ಮ್ಯಾಲೆ ಇಟ್ಟು ಮಾಡೋ ಅಲ್ಟ್ರಾಸೌಂಡಿನಾಗ ರಕ್ತಸ್ರಾವ, ನೀರು ತುಂಬಿದ್ದು, ದೊಡ್ಡ ಪೆಟ್ಟು ಕಾಣತಾವ, ಸೂಕ್ಷ್ಮ ವ್ಯತ್ಯಾಸ ಕಾಣಂಗಿಲ್ಲ. ಎರಡು ವರ್ಷದ ಕೂಸಿಗೆ ಪ್ಲ್ಯಾನ್ ಮಾಡೋ ಕೆಲಸ ಏನೂ ಇರಂಗಿಲ್ಲ, ಉಣಸೋದು, ತೊಡಸೋದು, ಎಬ್ಬಸೋದು ಎಲ್ಲಾ ಅವ್ವನ ಮಾಡತಾಳ. ಒಂದನೇ ಎರಡನೇ ಕ್ಲಾಸಿನಾಗೂ ಅಕ್ಕೋರು ಕೈ ಹಿಡದು ಬರಸತಾರ. ಮೂರನೇ ನಾಲ್ಕನೇ ಕ್ಲಾಸಿಗೆ ಬರೋ ಹೊತ್ತಿಗೆ "ಬೋರ್ಡ್ ನೋಡಿ ಬರಕೋ, ಮನಿಗೆ ಹೋಗಿ ನಾಳಿಗೆ ತಯಾರಿ ಮಾಡ್ಕೊಂಡು ಬಾ" ಅಂತ ಕೈ ಬಿಡತಾರ, ಪಾಠ ಉದ್ದ ಆಗತಾವ, ಲೆಕ್ಕ ಎರಡು ಮೂರು ಹೆಜ್ಜಿ ಆಗತಾವ. ಅಲ್ಲಿ ತನಕ ಹೊರಗಿನವ್ರು ಮಾಡ್ತಿದ್ದ ಕೆಲಸ ಈಗ ಮಗುನ ತಲಿ ಮಾಡಬೇಕು. ಕೊರತಿ ಮೊದಲಿಂದ ಇತ್ತು, ಕಾಣೋ ಪ್ರಸಂಗ ಈಗ ಬಂತು.

ನನಗ ಬ್ಯಾಸರ ಆಗೋದು ಇಲ್ಲೇ. ಎರಡು ವರ್ಷಕ್ಕ "ಎಲ್ಲಾ ಸರಿ ಐತಿ" ಅಂತ ಫಾಲೋಅಪ್ ಬಿಟ್ಟ ಮಗು, ಒಂಬತ್ತನೇ ವರ್ಷದಾಗ "ಸೋಮಾರಿ" ಅನ್ನೋ ಹೆಸರು ಹೊತ್ಕೊಂಡು ನನ್ನ ಮುಂದ ಬಂದು ಕೂಡತೈತಿ. ನಡುವಿನ ಏಳು ವರ್ಷ ಯಾರೂ ನೋಡಿರಂಗಿಲ್ಲ. ಸಾಲಿಗೆ ಸೇರೋ ಮೊದಲ ಒಮ್ಮೆ, ಎರಡನೇ ಮೂರನೇ ಕ್ಲಾಸಿನ ಹೊತ್ತಿಗೆ ಇನ್ನೊಮ್ಮೆ ತೋರಿಸ್ರಿ, ಮಗು ಎಷ್ಟ ಚೂಟಿ ಇರ್ಲಿ.

ವಯಸ್ಸು ಯಾವ ದಿನದಿಂದ ಹಿಡಿಬೇಕು?

ಮೊದಲ ಎರಡು ವರ್ಷ ಕರೆಕ್ಟೆಡ್ ಏಜ್ ನೋಡ್ರಿ, ಅಂದ್ರ ಎಷ್ಟು ವಾರ ಮುಂಚೆ ಹುಟ್ಟೇತೋ ಅಷ್ಟನ್ನ ಕಳೀರಿ. 30 ವಾರಕ್ಕ ಹುಟ್ಟಿದ ಕೂಸಿಗೆ ಹತ್ತು ವಾರ ಕಳದು, ಆರು ತಿಂಗಳಾದಾಗ ಮೂರೂವರಿ-ನಾಕು ತಿಂಗಳಿನ ಕೂಸು ಅಂತ ತಿಳ್ಕೋಬೇಕು. ಆದ್ರ ಇಂಜೆಕ್ಷನ್ ಮಾತ್ರ ಹುಟ್ಟಿದ ತಾರೀಖಿನ ಲೆಕ್ಕದಾಗ.

ಸಾಲಿ ವಿಷಯದಾಗ ಒಂದು ತೊಡಕೈತಿ. ನಮ್ಮ ರಾಜ್ಯದಾಗ ಒಂದನೇ ಕ್ಲಾಸಿಗೆ ಜೂನ್ 1ಕ್ಕ 6 ವರ್ಷ ಅಂತ ನಿಯಮ, 2025-26ರಾಗ ಸಡಿಲಿಕಿನೂ ಕೊಟ್ಟಿದ್ರು. ಆಗಸ್ಟ್ 10ಕ್ಕ ಹುಟ್ಟಬೇಕಾದ ಕೂಸು ಮೇ 25ಕ್ಕ ಹುಟ್ಟಿತು ಅನ್ರಿ. ಕಾಗದದ ಲೆಕ್ಕದಾಗ ಅದು ಒಂದು ವರ್ಷ ಮುಂಚೆ ಸಾಲಿಗೆ ಹೋಗತೈತಿ, ಕ್ಲಾಸಿನಾಗ ಎಲ್ಲಾರಕಿಂತ ಸಣ್ಣದು, ಮ್ಯಾಲೆ ಬೇಗ ಹುಟ್ಟಿದ್ದು, ಎರಡೂ ಕೂಡಿ ಬೀಳತಾವ. ಹಂಗಂತ ಒಂದು ವರ್ಷ ತಡಾ ಮಾಡಿದ್ರ ಎಲ್ಲಾ ಸರಿ ಹೋಗತೈತಿ ಅನ್ನೋದೂ ಖರೆ ಅಲ್ಲ. ಜರ್ಮನಿಯ ಬವೇರಿಯಾದಾಗ 1985-86ರಾಗ ಹುಟ್ಟಿದ ಮಕ್ಕಳನ್ನ ದೊಡ್ಡವರಾಗೋ ತನಕ ನೋಡ್ಕೊಂತ ಬಂದಾರ, ಅದರೊಳಗ ಸಾಲಿಗೆ ತಡಾ ಮಾಡಿ ಸೇರಿಸಿದ್ದಕ್ಕ ಓದು ಸುಧಾರಿಸಿದ್ದು ಕಾಣಲಿಲ್ಲ. ನನ್ನ ಅಭಿಪ್ರಾಯ ಕೇಳಿದ್ರ, ಮಗು ತಯಾರಿಲ್ಲಂದ್ರ ಯುಕೆಜಿಯಾಗ ಇನ್ನೊಂದು ವರ್ಷ ಕೂಡ್ರಸೋದು ತಪ್ಪಲ್ಲ, ಆ ವರ್ಷದಾಗ ಮಗುಗೆ ಯಾರು ಏನ್ ಕಲಸತಾರ ಅನ್ನೋದು ನಿಕ್ಕಿ ಇರಬೇಕು. ಸುಮ್ಮನ ಕೂತು ಕಳಿಯೋ ವರ್ಷದಿಂದ ಉಪಯೋಗ ಇಲ್ಲ.

ಮನಿಯಾಗ ನಮಗ ಹ್ಯಾಂಗ ಗೊತ್ತಾಗಬೇಕು?

ಮುಂಜಾನಿ ಸಾಲಿಗೆ ತಯಾರಾಗೋ ಅರ್ಧಾ ತಾಸು ನೋಡ್ರಿ, ಭಾಳಷ್ಟು ಅಲ್ಲೇ ಗೊತ್ತಾಗತೈತಿ. ಕಾಲ್ಚೀಲ ತಗೊಂಡು ಬಾ ಅಂತ ಒಳಗ ಕಳಿಸಿದ್ರ ಒಂದು ಕಾಲ್ಚೀಲ ಕೈಯಾಗ ಹಿಡ್ಕೊಂಡು ಗ್ವಾಡಿ ಮ್ಯಾಲಿನ ಹಲ್ಲಿ ನೋಡ್ಕೋತ ನಿಂತಿರತಾನ. ಕರದ್ರ "ಹಾಂ ಬಂದೆ" ಅಂತಾನ, ಬರಂಗಿಲ್ಲ. ಹೋಗಿ ನೋಡಿದ್ರ ಯಾಕ ಒಳಗ ಬಂದಿದ್ದೆ ಅನ್ನೋದ ಮರತಿರತಾನ. "ಹಲ್ಲು ತಿಕ್ಕು, ನೀರಿನ ಬಾಟಲಿ ತುಂಬ್ಕೋ, ಡೈರಿ ಇಟ್ಕೋ" ಅಂತ ಮೂರು ಹೇಳಿದ್ರ ಮೊದಲಿಂದು ಒಂದ ಆಗತೈತಿ, ಇಲ್ಲಂದ್ರ ಕಡೇದು ಒಂದ.

ಸಣ್ಣ ವಯಸ್ಸಿನಾಗ ಅಂದ್ರ ಮೂರು ನಾಕು ವರ್ಷಕ್ಕ, ತನ್ನ ಪಾಳಿ ಬರೋ ತನಕ ಕಾಯಾಕ ಆಗದ ಇರೋದು, ಆಟದ ನಿಯಮ ಸ್ವಲ್ಪ ಬದಲಿಸಿದ್ರ ರಂಪ ಮಾಡೋದು, ಒಂದು ಆಟಿಗಿ ಮ್ಯಾಲೆ ಮನಸ್ಸು ನಿಲ್ಲದ ಇರೋದು. ಇವೆಲ್ಲಾ ಆ ವಯಸ್ಸಿನಾಗ ಎಲ್ಲಾ ಮಕ್ಕಳೂ ಮಾಡತಾವ, ಓರಗಿ ಮಕ್ಕಳಿಗಿಂತ ಭಾಳ ಜಾಸ್ತಿ ಐತೇನು, ಮನಿಯಾಗೂ ಸಾಲಿಯಾಗೂ ಎರಡೂ ಕಡೆ ಐತೇನು ಅಂತ ನೋಡಬೇಕು. ದೊಡ್ಡ ಮಕ್ಕಳೊಳಗ ಬರಿಯೋದು ಅರ್ಧಕ್ಕ ನಿಲ್ಲತೈತಿ, ಪರೀಕ್ಷಿಯೊಳಗ ಮೊದಲನೇ ಪ್ರಶ್ನೆಗೇ ಮುಕ್ಕಾಲು ಹೊತ್ತು ಕಳೀತಾರ, ಪ್ರಾಜೆಕ್ಟ್ ಐತಿ ಅಂತ ರಾತ್ರಿ ಒಂಬತ್ತಕ್ಕ ಹೇಳತಾರ. ಆಟದಾಗೂ ಗೊತ್ತಾಗತೈತಿ, ಲಗೋರಿಯೊಳಗ ಚೆಂಡು ಎಲ್ಲಿ ಬರತೈತಿ ಅಂತ ಮುಂದ ಹೋಗಿ ನಿಂದ್ರಂಗಿಲ್ಲ, ಚೆಂಡು ಬಿದ್ದ ಮ್ಯಾಲೆ ಓಡತಾರ.

"ಅಂವಗ ಎಲ್ಲಾ ಗೊತ್ತೈತ್ರಿ, ಬೇಕಂತನ ಮಾಡಂಗಿಲ್ಲ." ಎರಡು ಏಟು ಕೊಟ್ರ ಸರಿ ಹೋಗಂಗಿಲ್ಲೇನು?

ಇಲ್ಲ. ಗೊತ್ತಿರೋದು ಒಂದು, ಗೊತ್ತಿದ್ದನ್ನ ಬೇಕಾದ ಹೊತ್ತಿಗೆ ಸಾಲಾಗಿ ತಂದು ಮಾಡೋದು ಇನ್ನೊಂದು. ನಿಮ್ಮ ಮಗನಿಗೆ ಮೊದಲಿಂದು ಬರತೈತಿ, ಎರಡನೇದು ಬರವಲ್ದು. ನಿನ್ನೆ ಮಾಡಿದಾಂವ ಇವತ್ತ ಯಾಕ ಮಾಡಂಗಿಲ್ಲ ಅಂತ ಕೇಳತೀರಿ, ಒಂದು ದಿನ ಬಂದು ಒಂದು ದಿನ ಬರದ ಇರೋದ ಈ ತ್ರಾಸಿನ ಗುರುತು. ನಿದ್ದಿ ಆಗಿರ್ಲಿಲ್ಲ, ಹಸಿವಿತ್ತು, ಗದ್ದಲಿತ್ತು ಅಂದ್ರ ಇರೋ ಶಕ್ತಿನೂ ಕಡಿಮಿ ಆಗತೈತಿ. ಹೊಡದ್ರ ಹೆದರಿಕಿ ಬರತೈತಿ, ಹೆದರಿದ ತಲಿಯೊಳಗ ವರ್ಕಿಂಗ್ ಮೆಮರಿ ಇನ್ನೂ ಕುಗ್ಗತೈತಿ. ದಿನ ತುಂಬದ ಹುಟ್ಟಿದ ಮಕ್ಕಳಿಗೆ ಆತಂಕದ ಸ್ವಭಾವ ಮೊದಲ ಸ್ವಲ್ಪ ಜಾಸ್ತಿ. ಹೊಡಿಬ್ಯಾಡ್ರಿ. ಅಣ್ಣನ ಜೋಡಿ, ಕಾಕಾನ ಮಗನ ಜೋಡಿ ಹೋಲಿಸಿ ಮಾತಾಡೋದೂ ಬ್ಯಾಡ, ಆ ಮಾತು ಮಗುನ ಒಳಗ ಎಷ್ಟು ದಿನ ಕೂಡತೈತಿ ಅಂತ ನನಗ ಗೊತ್ತೈತಿ, ನನ್ನ ಮುಂದ ಕೂತು ಅವರ ಹೇಳತಾರ.

ಓದೋದು ಬರತೈತಿ, ಲೆಕ್ಕ ಒಂದ ಯಾಕ ಬರಂಗಿಲ್ಲ?

ಇದನ್ನ ಎಲ್ಲಾ ದೇಶದಾಗೂ ಕಂಡಾರ, ಬೇಗ ಹುಟ್ಟಿದ ಮಕ್ಕಳಿಗೆ ಗಣಿತ ಜಾಸ್ತಿ ಕಾಡತೈತಿ. "ಸಂತಿಯೊಳಗ ಬಟಾಟಿ ಕಿಲೋಕ್ಕ 30 ರೂಪಾಯಿ, ಉಳ್ಳಾಗಡ್ಡಿ 40 ರೂಪಾಯಿ, ಎರಡು ಕಿಲೋ ಬಟಾಟಿ ಒಂದು ಕಿಲೋ ಉಳ್ಳಾಗಡ್ಡಿ ತಗೊಂಡು 200 ಕೊಟ್ರ ಎಷ್ಟು ಹೊಳ್ಳಿ ಬರತೈತಿ" ಅನ್ನೋ ಲೆಕ್ಕ ತಗೊಳ್ರಿ. ಗುಣಸಬೇಕು, ಬಂದ 60 ನೆನಪಿಡಬೇಕು, ಅದಕ್ಕ 40 ಕೂಡಸಬೇಕು, 100 ಹಿಡ್ಕೊಂಡು ಮತ್ತ ಪ್ರಶ್ನೆಗೆ ಹೋಗಿ 200 ಅಂತ ಓದಿ ಕಳಿಬೇಕು. ಒಬ್ಬ ಹುಡುಗ 60 ಅಂತ ಸರಿಯಾಗಿ ತಂದು, 40 ಓದಾಕ ಹೋದಾಗ 60 ಕಳಕೊಂಡು, ನನ್ನ ಮಾರಿ ನೋಡಿ "70 ಏನ್ರಿ ಅಕ್ಕೋರ" ಅಂದ. ಕಣ್ಣಿಗೆ ಕಂಡ 30, 40 ಎರಡನ್ನೂ ಕೂಡಿಸಿಬಿಟ್ಟಿದ್ದ. ಅಂವಗ ಗುಣಾಕಾರ ಬರತೈತಿ, ಮಗ್ಗಿ ಬರತೈತಿ. ಬಂದ ಉತ್ತರ ಪ್ರತಿ ಹೆಜ್ಜಿಗೂ ಬಾಜೂಕ ದೊಡ್ಡದಾಗಿ ಬರಕೋ ಅಂತ ರೂಢಿ ಮಾಡಿಸಿದ ಮ್ಯಾಲೆ ಅದ ಥರದ ಲೆಕ್ಕ ಬಂದುವು. ಮಗ್ಗಿ ಇನ್ನೂ ನೂರು ಸಲ ಬಾಯಿಪಾಠ ಮಾಡಿಸಿದ್ರ ಬರ್ತಿರಲಿಲ್ಲ.

ಇದು ಎಡಿಎಚ್‌ಡಿನಾ?

ಇರಬಹುದು, ಇರದೇನೂ ಇರಬಹುದು. ಲಕ್ಷ್ಯ ನಿಲ್ಲದ ಇರೋದು, ಒಂದ ಕಡೆ ಕೂಡದ ಕುಣಿದಾಡೋದು ಅತಿಯಾಗಿ ಇರೋ ತೊಂದರಿಗೆ ಎಡಿಎಚ್‌ಡಿ ಅಂತಾರ. ಬೇಗ ಹುಟ್ಟಿದ ಮಕ್ಕಳೊಳಗ ಎಡಿಎಚ್‌ಡಿ ಜಾಸ್ತಿ, ಅದರಾಗೂ ಕುಣಿದಾಡೋ ಥರಕಿಂತ ಲಕ್ಷ್ಯ ನಿಲ್ಲದ ಇರೋ ಥರ ಜಾಸ್ತಿ. ಹಿಂಗಾಗಿ ಗದ್ದಲ ಮಾಡದ, ಹಿಂದಿನ ಬೆಂಚಿನಾಗ ಕಿಟಕಿ ನೋಡ್ಕೋತ ಕೂಡೋ ಮಕ್ಕಳು, ಹೆಚ್ಚಾಗಿ ಹುಡುಗ್ಯಾರು, ಯಾರ ಕಣ್ಣಿಗೂ ಬೀಳಂಗಿಲ್ಲ. ಗುಳಿಗಿ ಬೇಕೋ ಬ್ಯಾಡೋ ಅನ್ನೋದು ಮಕ್ಕಳ ಡಾಕ್ಟರ್ ಇಲ್ಲಾ ಮನೋವೈದ್ಯರು ಹೇಳಬೇಕು, ನಾ ಅಲ್ಲ, ಯೂಟ್ಯೂಬೂ ಅಲ್ಲ.

ನಂದ ತಪ್ಪಾ? ಬಸುರಿದ್ದಾಗ ಕೆಲಸ ಭಾಳ ಮಾಡಿದ್ದಕ್ಕ ಹಿಂಗಾತೇನು?

ಇಲ್ಲವ್ವಾ, ನಿಂದು ತಪ್ಪಿಲ್ಲ. ಬಿಪಿ ಏರೋದು, ಸೋಂಕು, ಅವಳಿ ಜವಳಿ, ನೀರು ಬೇಗ ಒಡಿಯೋದು, ಹಿಂಗ ಕಾರಣ ಇರತಾವ, ಎಷ್ಟೋ ಸಲ ಕಾರಣನ ಸಿಗಂಗಿಲ್ಲ. 2020ರಾಗ ನಮ್ಮ ದೇಶದಾಗ ಸುಮಾರು 30 ಲಕ್ಷ ಮಕ್ಕಳು ದಿನ ತುಂಬದ ಹುಟ್ಟ್ಯಾವ, ಜಗತ್ತಿನಾಗ ಎಲ್ಲಾಕಿಂತ ಜಾಸ್ತಿ. ಅಷ್ಟೂ ತಾಯಂದ್ರು ತಪ್ಪು ಮಾಡ್ಯಾರೇನು? ಮನ್ಯಾವ್ರು ಯಾರರ ಹಂಗ ಅಂದ್ರ ಈ ಮಾತು ಅವರಿಗೆ ಓದಿ ಹೇಳ್ರಿ.

"ಏಳರಾಗ ಹುಟ್ಟಿದ್ದು ಉಳಿತೈತಿ, ಎಂಟರಾಗ ಹುಟ್ಟಿದ್ದು ಉಳಿಯಂಗಿಲ್ಲ" ಅಂತಾರಲ್ಲ ಹಿರಿಯರು?

ಖರೆ ಅಲ್ಲ. ಹೊಟ್ಟಿಯಾಗ ಇದ್ದಷ್ಟು ದಿನ ಚೊಲೋ, ಎಂಟು ಏಳಕ್ಕಿಂತ ಚೊಲೋ.

ಎಲ್ಲಿ ತೋರಿಸಬೇಕು? ಟೆಸ್ಟ್ ಹ್ಯಾಂಗಿರತೈತಿ?

ಮೊದಲ ಕಣ್ಣು, ಕಿವಿ ತೋರಿಸ್ರಿ. ಬೇಗ ಹುಟ್ಟಿದ ಮಕ್ಕಳಿಗೆ ಚಷ್ಮಾ ಬೇಕಾಗೋದು ಜಾಸ್ತಿ, ಬೋರ್ಡ್ ಕಾಣದ ಮಗುನ ಲಕ್ಷ್ಯ ಇಲ್ಲ ಅಂತ ಬೈತಿರತೀವಿ. ಜೋಡಿಗೆ ರಕ್ತ ಕಡಿಮಿ ಐತೇನು ನೋಡಿಸ್ರಿ.

ಆಮ್ಯಾಲೆ ಮಕ್ಕಳ ಡಾಕ್ಟರಿಗೆ ಹುಟ್ಟಿನ ಕಾರ್ಡ್ ತೋರಿಸಿ, ಮಕ್ಕಳ ಬೆಳವಣಿಗಿ ನೋಡೋರ ಕಡೆ ಕಳಸಂತ ಕೇಳ್ರಿ. ಸರ್ಕಾರದ ಆರ್‌ಬಿಎಸ್‌ಕೆ ಅನ್ನೋ ಮಕ್ಕಳ ಆರೋಗ್ಯ ತಪಾಸಣಿ ಕಾರ್ಯಕ್ರಮ 2013ರಿಂದ ಐತಿ, ಹುಟ್ಟಿದ ಕೂಸಿನಿಂದ ಹಿಡದು 18 ವರ್ಷದ ತನಕ, ಪುಕ್ಕಟೆ. ಅವರ ತಂಡ ಅಂಗನವಾಡಿಗೆ, ಸರ್ಕಾರಿ ಸಾಲಿಗೆ ಬರತೈತಿ, ಬಂದಾಗ "ನಮ್ಮ ಮಗು ಇಷ್ಟು ವಾರಕ್ಕ ಹುಟ್ಟೇತಿ" ಅಂತ ಬಾಯಿ ಬಿಟ್ಟು ಹೇಳ್ರಿ, ಅವರ ಕೇಳಲಿ ಅಂತ ಕಾಯಬ್ಯಾಡ್ರಿ. ಮುಂದ ನೋಡಾಕ ಜಿಲ್ಲಾ ಮಟ್ಟದಾಗ ಡಿಇಐಸಿ ಅನ್ನೋ ಕೇಂದ್ರ ಈ ಕಾರ್ಯಕ್ರಮದ ಭಾಗ. ಧಾರವಾಡದಾಗ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಐತಿ, ಹುಬ್ಬಳ್ಳಿಯಾಗ ನಾವೆಲ್ಲಾ ಕಿಮ್ಸ್ ಅಂತ ಕರಿಯೋ ದೊಡ್ಡ ಸರ್ಕಾರಿ ದವಾಖಾನಿ ಐತಿ, ಗದಗ, ಹಾವೇರಿಯೊಳಗೂ ಈಗ ಸರ್ಕಾರಿ ಮೆಡಿಕಲ್ ಕಾಲೇಜ್ ಆಗ್ಯಾವ. ಅಲ್ಲಿ ಮಕ್ಕಳ ವಿಭಾಗದಿಂದ ಶುರು ಮಾಡ್ರಿ.

ಟೆಸ್ಟಿನಾಗ ಸೂಜಿ ಇರಂಗಿಲ್ಲ, ಹೆದರಬ್ಯಾಡ್ರಿ, ಸೈಕಾಲಜಿಸ್ಟ್ ಎದುರಿಗೆ ಕೂಡ್ರಿಸಿಕೊಂಡು ಮಾಡಸತಾರ. ಅಂಕಿ ಹೇಳಿ ಹಿಂದಮುಂದ ಮಾಡಿ ಹೇಳು ಅಂತಾರ, ಗುರುತು ಹುಡುಕಿ ಗೆರಿ ಹಾಕು ಅಂತಾರ. ಪ್ಲ್ಯಾನಿಂಗಿಗೆ ಅಂತನ 1982ರಾಗ ಟಿಮ್ ಶಾಲಿಸ್ ಅನ್ನೋರು ತಂದ ಟವರ್ ಆಫ್ ಲಂಡನ್ ಅಂತ ಒಂದೈತಿ. ಬ್ಯಾರೆ ಬ್ಯಾರೆ ಎತ್ತರದ ಮೂರು ಗೂಟ, ಮೂರು ಬಣ್ಣದ ಮಣಿ, ಚಿತ್ರದಾಗ ತೋರಿಸಿದಂಗ ಎಷ್ಟು ಕಡಿಮಿ ಸಲ ಎತ್ತಿ ಇಟ್ಟು ಮಾಡತಿ ಅಂತ. ಕೆಲವು ಮಕ್ಕಳು ಕೈ ಮೊದಲ ಹಾಕತಾರ, ಕೆಲವರು ಹತ್ತು ಸೆಕೆಂಡ್ ನೋಡಿ ಆಮ್ಯಾಲೆ ಎತ್ತತಾರ. ಐಕ್ಯೂಗೆ ಬಿನೆ-ಕಾಮತ್ ಇಲ್ಲಾ ಮಿಸಿಕ್ ಅನ್ನೋ ಟೆಸ್ಟ್ ಮಾಡತಾರ. ಒಂದು ಮಾತು, ಶಾಂತ ಕ್ವಾಣಿಯೊಳಗ ಒಬ್ಬರ ಎದುರಿಗೆ ಕೂತಾಗ ಈ ಮಕ್ಕಳು ಚೊಲೋ ಮಾಡತಾರ, ಐವತ್ತು ಮಂದಿ ಕ್ಲಾಸಿನಾಗ ಹಂಗಲ್ಲ. ಅದಕ್ಕ ಮನಿಯ ಸಂಗತಿ, ಅಕ್ಕೋರು ಹೇಳಿದ್ದು ಎರಡನ್ನೂ ಕಾಗದದ ಮ್ಯಾಲೆ ಬರಕೊಂಡು ಹೋಗ್ರಿ.

ಮನಿಯಾಗ ನಾವೇನು ಮಾಡಬಹುದು?

ಭಾಳ ಮಾಡಬಹುದು, ರೊಕ್ಕಾನೂ ಬೇಕಾಗಿಲ್ಲ. ಹೊರಗಿಂದ ಆಸರ ಕೊಡ್ರಿ, ಬಂದಂಗ ಬಂದಂಗ ಸ್ವಲ್ಪ ಸ್ವಲ್ಪ ಬಿಡ್ರಿ.

ಒಂದ ಸಲಕ್ಕ ಒಂದ ಕೆಲಸ ಹೇಳ್ರಿ, ಹತ್ತಿರ ಹೋಗಿ, ಮಾರಿ ನೋಡಿ. ಅಡಗಿಮನಿಯಿಂದ ಒದರಿ ಹೇಳಿದ್ದು ಲೆಕ್ಕಕ್ಕಿಲ್ಲ. ಮುಂಜಾನಿ ಕೆಲಸಗಳನ್ನ ಚಿತ್ರ ತಗದು ಬಚ್ಚಲಮನಿ ಬಾಗಿಲಿಗೆ ಹಚ್ಚ್ರಿ, ಬ್ರಶ್, ಅಂಗಿ, ಬಾಟಲಿ, ಚೀಲ, ಮುಗದಿದ್ದಕ್ಕ ಮಗುನ ಟಿಕ್ ಹಾಕಬೇಕು. "ಈಗ ಏನು" ಅಂತ ನೀವ ಹೇಳೋ ಬದ್ಲಿ "ಈಗ ಏನ್ ಐತಿ ನೋಡ" ಅಂತ ಕೇಳ್ರಿ. ಈ ಸಣ್ಣ ಬದಲಾವಣಿ ಮಾಡಾಕ ತಾಯಂದ್ರಿಗೆ ಭಾಳ ತ್ರಾಸ್ ಆಗತೈತಿ, ಯಾಕಂದ್ರ ಹೊತ್ತಾಗಿರತೈತಿ, ತಾವ ಮಾಡಿ ಮುಗಿಸಿಬಿಡಬೇಕು ಅನಸತೈತಿ. ಹದಿನೈದು ನಿಮಿಷ ಮುಂಚೆ ಎಬ್ಬಿಸ್ರಿ, ಆ ಹದಿನೈದು ನಿಮಿಷ ಮಗುಗೆ ಕಲಿಯಾಕ ಇರಲಿ.

ಕೆಲಸ ಮಾಡೋವಾಗ ಬಾಯಿ ಬಿಟ್ಟು ಹೇಳ್ಕೊಂತ ಮಾಡ್ರಿ, "ಮೊದಲ ಕುಕ್ಕರ್ ಇಡತೇನಿ, ಅದು ಕೂಗೋದ್ರೊಳಗ ಕಾಯಿಪಲ್ಲೆ ಹೆಚ್ಚತೇನಿ" ಅಂತ. ಯೋಚನಿ ಕಣ್ಣಿಗೆ ಕಾಣೋ ವಸ್ತು ಅಲ್ಲ, ಮಗುಗೆ ಕೇಳೋ ಹಂಗ ಮಾಡಬೇಕು.

ಗಿರಮಿಟ್ ಮಾಡಾಕ ಹಚ್ಚ್ರಿ, ನಾನು ಎಲ್ಲಾ ಮನಿಗೂ ಹೇಳೋ ಮನಿಗೆಲಸ ಇದು. ಉಳ್ಳಾಗಡ್ಡಿ ಹೆಚ್ಚಬೇಕು, ಹುಣಸಿಹಣ್ಣು ಮೊದಲ ನೆನಿಯಾಕ ಹಾಕಿರಬೇಕು, ಒಗ್ಗರಣಿ ಹಾಕಿ ಆರಿಸಬೇಕು, ಪುಟಾಣಿ ಹಿಟ್ಟು ಹತ್ತಿರ ಇರಬೇಕು, ಚುರುಮುರಿ ಕಡೀಕ ಬೀಳಬೇಕು, ಕಲಸಿದ ಕೂಡ್ಲೇ ತಿನ್ನಬೇಕು. ಚುರುಮುರಿ ಮೊದಲ ಹಾಕಿದ್ರ ಮೆತ್ತಗಾಗತೈತಿ, ಯಾರೂ ಬೈಬೇಕಾಗಿಲ್ಲ, ತಿನ್ನೋವಾಗ ಮಗುಗ ಗೊತ್ತಾಗತೈತಿ. ಶುರು ಮಾಡೋ ಮೊದಲ "ಏನೇನ ಬೇಕು, ಯಾವ್ದು ಮೊದಲ" ಅಂತ ಚೀಟಿ ಬರಸ್ರಿ. ಒಲಿ ಮುಂದಿಂದು ದೊಡ್ಡವ್ರು ನೋಡ್ಕೊಳ್ರಿ. ಹಂಗ ಸಂತಿಗೆ ಕರಕೊಂಡು ಹೋದಾಗ ಚೀಟಿ ಮಗುನ ಕೈಯಾಗಿರಲಿ, ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಾಗ ಹೋಗೋದಿದ್ರ ಎಷ್ಟಕ್ಕ ಮನಿ ಬಿಡಬೇಕು, ಯಾವ ಸ್ಟಾಪಿಗೆ ಇಳಿಬೇಕು ಅಂತ ಮಗುನ ಹೇಳಲಿ.

ಆಟ: ಅಳಗುಳಿ ಮಣಿ, ಚೌಕಾಬಾರ, ಹುಲಿ-ಕುರಿ, ಚದುರಂಗ, ಎಲ್ಲಾದ್ರಾಗೂ ಮುಂದಿನ ನಡಿ ಯೋಚನಿ ಮಾಡಬೇಕು, ಪಾಳಿ ಕಾಯಬೇಕು. ಸಣ್ಣವಕ್ಕ ಹಾಡು ನಿಂತಾಗ ನಿಂದ್ರೋ ಆಟ ಚೊಲೋ. ಆಯಿ-ಮುತ್ಯಾ ಆಡಸಲಿ, ಅವರಿಗೆ ತಾಳ್ಮಿ ಐತಿ, ಹೊತ್ತೂ ಐತಿ. ನಿದ್ದಿ ಮಾತ್ರ ಕಡಿಮಿ ಮಾಡಬ್ಯಾಡ್ರಿ.

ಅಬಾಕಸ್, ಬ್ರೇನ್ ಗೇಮ್, ಮಿಡ್‌ಬ್ರೇನ್ ಆ್ಯಕ್ಟಿವೇಶನ್ ಕ್ಲಾಸಿಗೆ ಹಾಕಲೇನು?

ಮಿಡ್‌ಬ್ರೇನ್ ಅಂತ ಹೇಳಿ ಕಣ್ಣಿಗೆ ಪಟ್ಟಿ ಕಟ್ಟಿ ಓದಸೋದು ಮೋಸ, ಅದಕ್ಕ ಒಂದು ರೂಪಾಯಿನೂ ಕೊಡಬ್ಯಾಡ್ರಿ. ಅಬಾಕಸ್ ಮಗುಗ ಖುಷಿ ಇದ್ರ ಕಲಿಲಿ, ಕಲಿತದ್ದು ಅಬಾಕಸ್ ಅಷ್ಟ, ಅದರಿಂದ ಪಾಟಿಚೀಲ ಹೊಂದಿಸ್ಕೊಳ್ಳಾಕ ಬರಂಗಿಲ್ಲ. ಕಂಪ್ಯೂಟರ್ ಮ್ಯಾಲೆ ವರ್ಕಿಂಗ್ ಮೆಮರಿ ತಾಲೀಮು ಕೊಡೋದನ್ನ ಆಸ್ಟ್ರೇಲಿಯಾದ ಮೆಲ್ಬರ್ನ್‌ದಾಗ, ಭಾಳ ಬೇಗ ಹುಟ್ಟಿದ 7 ವರ್ಷದ ಮಕ್ಕಳ ಮ್ಯಾಲೆ ಸರಿಯಾಗಿ ಪ್ರಯೋಗ ಮಾಡಿ ನೋಡ್ಯಾರ, ಎರಡು ವರ್ಷ ಬಿಟ್ಟು ಪರೀಕ್ಷೆ ಮಾಡಿದಾಗ ಓದು-ಲೆಕ್ಕದಾಗ ಉಪಯೋಗ ಕಾಣಲಿಲ್ಲ. ಯಾವ ಕೆಲಸ ಬರಬೇಕೋ ಆ ಕೆಲಸನ ಮಾಡಿಸಿ ಕಲಸಬೇಕು.

ಸಾಲಿಯೊಳಗ ಏನ್ ಕೇಳಬೇಕು?

ಬೇಗ ಹುಟ್ಟಿದ್ದು ಅಂತ ಮುಚ್ಚಿಡಬ್ಯಾಡ್ರಿ. ಮುಂದಿನ ಬೆಂಚು, ಕಿಟಕಿ-ಬಾಗಿಲಿನಿಂದ ದೂರ. ಮನಿಗೆಲಸ ಬೋರ್ಡ್ ಮ್ಯಾಲೆ ಬರದು, ಡೈರಿಯೊಳಗ ಇಳದೈತೇನು ಅಂತ ಅಕ್ಕೋರು ಒಂದ ಸಲ ಕಣ್ಣಾಡಸಲಿ. ಹತ್ತು ಲೆಕ್ಕ ಒಂದ ಸಲ ಕೊಡೋ ಬದ್ಲಿ ಐದೈದು ಕೊಡಲಿ. ಕೆಲವು ಕಡೆ "ನಮ್ಮ ಸಾಲ್ಯಾಗ ಇಂಥಾ ಮಕ್ಕಳಿಗೆ ಬ್ಯಾರೆ ವ್ಯವಸ್ಥಾ ಇಲ್ಲ" ಅಂದುಬಿಡತಾರ, ಮುಂದಿನ ಬೆಂಚಿಗೆ ಯಾವ ವ್ಯವಸ್ಥಾ ಬೇಕ್ರಿ? ಸಮಾಧಾನದಿಂದ, ಆದ್ರ ಬಿಡದ ಕೇಳ್ರಿ. ಸಾಲಿ ಬಿಟ್ಟ ಕೂಡ್ಲೇ ಎರಡು ತಾಸು ಟ್ಯೂಶನ್ನಿಗೆ ಹಾಕೋದಕ್ಕ ನನ್ನ ಒಪ್ಪಿಗಿ ಇಲ್ಲ, ದಿನವಿಡೀ ತಡಕೊಂಡು ಕೂತು ದಣದ ತಲಿಗೆ ಆಟ ಬೇಕು.

ಕೂಸು ಇನ್ನೂ ಎನ್‌ಐಸಿಯುದಾಗ, ಅಂದ್ರ ಎಳೇ ಕೂಸುಗಳ ಐಸಿಯುದಾಗ ಐತಿ. ಈಗಿಂದ ಏನರ ಮಾಡಬಹುದೇನು?

ಎದಿಗೆ ಹಚ್ಕೊಂಡು ಇಟ್ಕೊಳ್ರಿ, ಬರೇ ಮೈಗೆ ಬರೇ ಮೈ. ಕಾಂಗರೂ ಆರೈಕಿ ಅಂತಾರ, 1978ರಾಗ ಕೊಲಂಬಿಯಾದ ಬೊಗೊಟಾದಾಗ ಇನ್‌ಕ್ಯುಬೇಟರ್ ಸಾಲದಾದಾಗ ಶುರು ಆಗಿದ್ದು. ಅಲ್ಲಿ ಹಿಂಗ ಬೆಳದ ಮಕ್ಕಳನ್ನ 20 ವರ್ಷ ಆದಮ್ಯಾಗ ಮತ್ತ ಹುಡುಕಿ ನೋಡಿದ್ರ, ಚಡಪಡಿಕಿ ಕಡಿಮಿ, ಸಾಲಿ ತಪ್ಪಸೋದು ಕಡಿಮಿ ಇತ್ತು. ದಿನಕ್ಕ 8 ತಾಸಿನಿಂದ 24 ತಾಸಿನ ತನಕ, ಎಷ್ಟು ಆಗತೈತೋ ಅಷ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಾಗ ಹೇಳೇತಿ. ಅಪ್ಪನೂ ಹಚ್ಕೋಬಹುದು, ಆಯಿನೂ ಹಚ್ಕೋಬಹುದು. ಎದಿಹಾಲು, ಕಣ್ಣಿನ ಆರ್‌ಒಪಿ ಪರೀಕ್ಷೆ (ಬೇಗ ಹುಟ್ಟಿದ ಕೂಸಿನ ಕಣ್ಣಿನ ಪರದಿಗೆ ತೊಂದರಿ ಆಗೇತೇನು ಅಂತ ನೋಡೋದು), ಕಿವಿ ಪರೀಕ್ಷೆ, ಮೂರೂ ತಪ್ಪಿಸಬ್ಯಾಡ್ರಿ. ಮನಿಗೆ ಬಂದಮ್ಯಾಗ ಕೂಸಿನ ಜೋಡಿ ಮಾತಾಡ್ರಿ, ಅದು ಒಂದು ಸದ್ದು ಮಾಡಿದ್ರ ನೀವೊಂದು ಮಾಡ್ರಿ, ಕಾಯ್ರಿ.

ದೊಡ್ಡಾಂವ ಆದಮ್ಯಾಗ ಸರಿ ಹೋಗತೈತೇನು?

ಹಣಿ ಹಿಂದಿನ ಆ ಭಾಗ ಸುಮಾರು 25 ವರ್ಷದ ತನಕ ಬೆಳೀತಾನ ಇರತೈತಿ, ಹಂಗಾಗಿ ಹತ್ತಕ್ಕ ಬರದಿದ್ದು ಹದಿನಾಲ್ಕಕ್ಕ ಬರೋದು ನಾ ದಿನಾ ನೋಡತೇನಿ. ಕೆಲವರಿಗೆ ಅಂತರ ಪೂರ್ತಿ ಮುಚ್ಚಂಗಿಲ್ಲ, ಚೀಟಿ, ಅಲಾರಂ, ಕ್ಯಾಲೆಂಡರ್ ಜೀವನಪೂರ್ತಿ ಬೇಕಾಗತಾವ. ಬೇಕಾದ್ರ ಬೇಕಾಗಲಿ. ಬವೇರಿಯಾದ ಆ ಮಕ್ಕಳೊಳಗ, ತಾಯಿ-ತಂದಿ ಮಗುನ ಗತಿ ನೋಡಿ ಸಮಾಧಾನದಿಂದ ಸಹಾಯ ಮಾಡಿದ ಕಡೆ ಭಾಳ ಬೇಗ ಹುಟ್ಟಿದ ಮಕ್ಕಳೂ ಸಾಲಿಯೊಳಗ ದಿನ ತುಂಬಿದ ಮಕ್ಕಳ ಸಮೀಪ ಬಂದ್ರು.

ಎಸ್ಸೆಸ್ಸೆಲ್ಸಿ ಬಗ್ಗೆ ಕೇಳೋರಿಗೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗಿನ 21 ಥರದ ಅಂಗವಿಕಲತೆಯ ಪಟ್ಟಿಯಾಗ ನಿರ್ದಿಷ್ಟ ಕಲಿಕಾ ತೊಂದರಿನೂ ಐತಿ. ಮಗುಗೆ ಅದು ಐತಿ ಅಂತ ಸರ್ಟಿಫಿಕೇಟ್ ಆದ್ರ ಪರೀಕ್ಷಿಯೊಳಗ ಹೆಚ್ಚಿನ ಹೊತ್ತು, ಬರಿಯಾಕ ಒಬ್ಬರು, ಇಂಥಾ ಸೌಲಭ್ಯ ಕೇಳಬಹುದು. ಪ್ಲ್ಯಾನಿಂಗ್ ತ್ರಾಸ್ ಒಂದಕ್ಕ ಸರ್ಟಿಫಿಕೇಟ್ ಸಿಗಂಗಿಲ್ಲ, ಜೋಡಿಗೆ ಓದು-ಬರಹ-ಲೆಕ್ಕದ ತೊಂದರಿ ಐತೇನು ಅಂತ ಪರೀಕ್ಷೆ ಆಗಬೇಕು. ಇದಕ್ಕ ಓಡಾಟ ಐತಿ, ಹತ್ತನೇ ಕ್ಲಾಸಿನ ಜನವರಿಯೊಳಗ ನೆನಪಾದ್ರ ಆಗಂಗಿಲ್ಲ, ಎಂಟನೇ ಕ್ಲಾಸಿನಾಗ ಶುರು ಮಾಡ್ರಿ, ಹೋಗೋವಾಗ ಆ ಡಿಸ್ಚಾರ್ಜ್ ಕಾರ್ಡಿನ ಝೆರಾಕ್ಸ್, ಮೂರು ವರ್ಷದ ಪ್ರೋಗ್ರೆಸ್ ಕಾರ್ಡ್, ಮಗುನ ಎರಡು ಮೂರು ನೋಟ್‌ಬುಕ್ ಚೀಲದಾಗಿರಲಿ.